ಬಂಗುಡೆಯ ಬೆನ್ನು ಬರೆಯುವಾಗ

ಮಲ್ಪೆಯ ಧಕ್ಕೆಗೆ ನಸುಕಿನಲ್ಲಿ ಬೋಟು ಬಂದು ನಿಂತು, ಬುಟ್ಟಿ ಬುಟ್ಟಿಯಾಗಿ ಬಂಗುಡೆ ಇಳಿಯುವಾಗ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಕಿವಿರಿನ ಕೆಂಪಿನ ಮೇಲೆ. ತಾಜಾ ಮೀನೋ ಹಳತೋ ಎಂದು ತಿಳಿಯುವ ದಾರಿ ಅದು. ಹುಸಿಮೀನಿಗೆ ಬಣ್ಣ ಹಚ್ಚುವವರು ಅಲ್ಲಿ ಬಂದು ನಿಂತರೆ ನೋಡುವುದು ಬೆನ್ನನ್ನು. ನೀರು ಬಿಟ್ಟು ಆಗಷ್ಟೇ ಬಂದ ಬಂಗುಡೆಯ ಬೆನ್ನಿನಲ್ಲಿ ಹಸಿರೂ ನೀಲಿಯೂ ಬೆರೆತ ಒಂದು ಮಿಂಚು ಇರುತ್ತದೆ. ಮೀನು ಮಂಜುಗಡ್ಡೆ ಸೇರಿ, ಗಾಡಿ ಹತ್ತಿ, ಉಡುಪಿಯ ಮಾರುಕಟ್ಟೆ ದಾಟಿ, ಅಡುಗೆಮನೆಯ ಮೆಟ್ಟುಗತ್ತಿಯ ಮುಂದೆ ಬರುವ ಹೊತ್ತಿಗೆ ಆ ಮಿಂಚು ಹೋಗಿ ಬರೀ ಬೂದು ಉಳಿದಿರುತ್ತದೆ. ದಿನವೂ ಬಂಗುಡೆ ತಿನ್ನುವ ಊರಿನಲ್ಲೂ ಬಂಗುಡೆಯ ನಿಜವಾದ ಬಣ್ಣ ಕಂಡವರು ಕಡಿಮೆ.

ಹುಸಿಮೀನು ಎಂದರೆ ಗಾಳ ಹಾಕುವವರು ಈಗ ‘ಲೂರ್’ ಎನ್ನುವ ವಸ್ತು. ಸಿಗಡಿ, ಎರೆಹುಳು, ಬೂತಾಯಿ ಮೀನಿನ ತುಂಡು ಏನೂ ಬೇಡ. ಹೆಬ್ಬೆರಳು ದಪ್ಪದ ಮರದ ತುಂಡನ್ನು ಮೀನಿನ ಆಕಾರಕ್ಕೆ ಕೆತ್ತಿ, ಹೊಟ್ಟೆಗೆ ಒಂದಿಷ್ಟು ಸೀಸದ ಭಾರ ಕೂಡಿಸಿ, ಗಲ್ಲದ ಕೆಳಗೆ ತಗಡಿನದೋ ಪ್ಲಾಸ್ಟಿಕ್ಕಿನದೋ ಒಂದು ನಾಲಿಗೆ ಸಿಕ್ಕಿಸಿ, ಬಣ್ಣ ಬಳಿದು, ಕೊಕ್ಕೆ ತೂಗಿಸಿದರೆ ಲೂರ್ ಆಯಿತು. ಎಸೆದು ಎಳೆದಾಗ ಆ ನಾಲಿಗೆ ನೀರನ್ನು ಒತ್ತುತ್ತದೆ, ಮರದ ಮೀನು ಎಡಕ್ಕೂ ಬಲಕ್ಕೂ ವಾಲಾಡುತ್ತ ಈಜುತ್ತದೆ. ಕಾಪುವಿನ ದೀಪಸ್ತಂಭದ ಬುಡದ ಬಂಡೆಗಳ ಮೇಲೆ, ಪಾಂಗಾಳ ಹೊಳೆಯ ಸೇತುವೆಯ ಆಸುಪಾಸು, ಕೋಡಿಬೆಂಗ್ರೆಯ ಅಳಿವೆಯಲ್ಲಿ ಗಾಳದ ಕೋಲು ಹಿಡಿದು ನಿಂತವರ ಪೆಟ್ಟಿಗೆ ತೆರೆದು ನೋಡಿದರೆ ಇಂಥ ಹತ್ತಾರು ಮೀನುಗಳು ಸಾಲಾಗಿ ಮಲಗಿರುತ್ತವೆ. ಹೆಚ್ಚಿನವು ಜಪಾನಿನಿಂದಲೋ ಚೀನಾದಿಂದಲೋ ಬಂದವು. ಕೈಯಲ್ಲಿ ಕೆತ್ತಿ ಕೈಯಲ್ಲಿ ಬಣ್ಣ ಬರೆದವು ಅಪರೂಪ. ಈ ಮಾತು ಆ ಅಪರೂಪದವುಗಳ ಬಗ್ಗೆ.

ಅಂಗಡಿಯ ಲೂರಿನ ಬೆನ್ನು ನೋಡಿದರೆ ಒಂದು ತಪ್ಪು ಕಣ್ಣಿಗೆ ಬೀಳುತ್ತದೆ. ‘ಮ್ಯಾಕರೆಲ್’ ಎಂದು ಹೆಸರು ಬರೆದ ಅನೇಕ ಲೂರುಗಳ ಬೆನ್ನಿಗೆ ಅಡ್ಡಡ್ಡಲಾಗಿ ಅಲೆಯಂಥ ಕಪ್ಪು ಗೆರೆಗಳಿರುತ್ತವೆ. ಅದು ಅಟ್ಲಾಂಟಿಕ್ ಸಾಗರದ ಮ್ಯಾಕರೆಲ್. ನಮ್ಮ ಬಂಗುಡೆಯ ಮೈಯಲ್ಲಿ ಅಂಥ ಅಡ್ಡ ಅಲೆಗಳಿಲ್ಲ. ಇದರ ಗೆರೆಗಳು ತಲೆಯಿಂದ ಬಾಲದ ಕಡೆಗೆ ಉದ್ದಕ್ಕೆ ಹರಿಯುತ್ತವೆ, ಸಣ್ಣಗೆ, ಕಪ್ಪಗೆ, ಮೇಲ್ಭಾಗದಲ್ಲಿ ಮಾತ್ರ. ಬೆನ್ನಿನ ರೆಕ್ಕೆಯ ಬುಡದ ಹತ್ತಿರ ಚುಕ್ಕೆಗಳ ಸಾಲು. ಎದೆಯ ರೆಕ್ಕೆಯ ಕೆಳ ಅಂಚಿನ ಬಳಿ ಒಂದು ಕಪ್ಪು ಮಚ್ಚೆ. ಬೂತಾಯಿಯ ಗುರುತು ಬೇರೆ: ನೀಲಿ ಹಸಿರು ಬೆನ್ನು, ಕಿವಿರಿನ ಮುಚ್ಚಳದ ಹಿಂದಂಚಿನಲ್ಲಿ ಎದ್ದು ಕಾಣುವ ಕರಿ ಚುಕ್ಕೆ, ಅದರ ಹಿಂದೆ ಮಸುಕಾದ ಚಿನ್ನದ ಬೊಟ್ಟು, ಅಲ್ಲಿಂದ ಬಾಲದವರೆಗೆ ಎಳೆದೂ ಎಳೆಯದಂಥ ಒಂದು ಹೊಂಬಣ್ಣದ ಗೆರೆ. ಕಾಪುವಿನ ಕಡಲಲ್ಲಿ ಅಂಜಲ್ ಎಂಬ ಬೇಟೆಮೀನು ಬೆನ್ನಟ್ಟುವುದು ಈ ಬಂಗುಡೆ, ಬೂತಾಯಿಗಳನ್ನು. ಅದರ ಮುಂದೆ ಅಟ್ಲಾಂಟಿಕ್ ಸಾಗರದ ಮೀನಿನ ವೇಷ ಹಾಕಿದ ಮರದ ತುಂಡನ್ನು ಎಳೆಯುವುದಕ್ಕಿಂತ ಮಲ್ಪೆಯ ಬುಟ್ಟಿಯ ಮೀನನ್ನೇ ಬರೆಯುವುದು ಸರಿಯಾದ ದಾರಿ. ಕೈಯಿಂದ ಮಾಡುವ ಲೂರಿನ ಹಿರಿಮೆ ಇರುವುದು ಇಲ್ಲಿಯೇ: ಅದು ತನ್ನ ಊರಿನ ಮೀನಾಗಬಲ್ಲದು.

ಹಾಗೆಂದು ಒಂದೊಂದು ಹುರುಪೆಯನ್ನೂ ಎಣಿಸಿ ಬರೆದರೆ ನಿಜದ ಮೀನಾಯಿತು ಎಂದಲ್ಲ. ಈ ಕೆಲಸದ ಪಾಠ ಸಿಗುವುದು ಒಬ್ಬ ಚಿತ್ರಕಾರನಿಂದ. ಅಮೆರಿಕದ ಅಬಟ್ ಥೇಯರ್ 1896ರಲ್ಲಿ ಪ್ರಾಣಿಗಳ ಮೈಬಣ್ಣದ ಬಗ್ಗೆ ಒಂದು ಮಾತು ಹೇಳಿದ. ಬೆಳಕು ಬೀಳುವುದು ಮೇಲಿನಿಂದ. ಆದ್ದರಿಂದ ಯಾವ ವಸ್ತುವಿನದೇ ಆಗಲಿ ಮೇಲ್ಭಾಗ ಬೆಳ್ಳಗೆ, ಕೆಳಭಾಗ ನೆರಳಿನಿಂದ ಕಪ್ಪಗೆ ಕಾಣುತ್ತದೆ. ಆ ನೆರಳಿನಿಂದಲೇ ವಸ್ತು ಉಬ್ಬಿ ಕಣ್ಣಿಗೆ ಬೀಳುತ್ತದೆ. ಪ್ರಕೃತಿ ಇದಕ್ಕೆ ಸರಿಯಾಗಿ ತಿರುವು ಹಾಕಿದೆ: ಬೆನ್ನು ಕಪ್ಪು, ಹೊಟ್ಟೆ ಬಿಳುಪು. ಬೆಳಕು ನೆರಳು ಎರಡೂ ಸರಿತೂಗಿ ಮೈ ಚಪ್ಪಟೆಯಾಗಿ, ಹಿನ್ನೆಲೆಯಲ್ಲಿ ಕರಗುತ್ತದೆ. ಪಕ್ಷಿತಜ್ಞರ ಸಭೆಯೊಂದರಲ್ಲಿ ಥೇಯರ್ ಗೆಣಸಿನಂಥ ವಸ್ತುಗಳನ್ನು ತಂತಿಯ ಮೇಲೆ ನಿಲ್ಲಿಸಿ, ಕೆಲವಕ್ಕೆ ಮೇಲೆ ಗಾಢ ಕೆಳಗೆ ತಿಳಿ ಬಣ್ಣ ಬಳಿದು ತೋರಿಸಿದ. ಕೆಲವು ಹೆಜ್ಜೆ ಹಿಂದೆ ಸರಿದು ನೋಡಿದವರಿಗೆ ಹಾಗೆ ಬಣ್ಣ ಬಳಿದವು ಕಾಣದಾದವು.

ಇದೇ ಪಾಠವನ್ನು ಕಲಿಯಲು ಕಾರ್ಕಳದವರು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಮಾಳದ ಘಾಟಿ ಹತ್ತಿ, ಕೆರೆಕಟ್ಟೆ ದಾಟಿ ಶೃಂಗೇರಿಗೆ ಹೋದರೆ ತುಂಗೆಯ ಮೆಟ್ಟಿಲಿನ ಬಳಿ ದೇವರ ಮೀನುಗಳಿವೆ. ಯಾರೂ ಹಿಡಿಯದ, ಭಕ್ತರು ಪುರಿ ಹಾಕಿ ಸಾಕಿದ ಮೀನುಗಳು. ಮೇಲಿನಿಂದ ನೋಡಿದರೆ ಪಾಚಿಗಟ್ಟಿದ ಕಲ್ಲಿಗೂ ಮೀನಿನ ಬೆನ್ನಿಗೂ ವ್ಯತ್ಯಾಸ ಕಾಣದು. ಪುರಿ ಬಿದ್ದ ಕ್ಷಣ ಒಂದು ಮೀನು ಮಗ್ಗುಲು ತಿರುಗಿಸುತ್ತದೆ. ಫಕ್ಕನೆ ಒಂದು ಹೊಳಪು ಹಾರಿ ಮಾಯವಾಗುತ್ತದೆ. ಬಣ್ಣಗಾರರು ಹಿಡಿಯಬೇಕಾದದ್ದು ಆ ಕ್ಷಣವನ್ನು. ಪೂರ್ತಿ ಮರೆಯಾಗುವ ಲೂರ್ ಮಾಡಿದರೆ ಅದನ್ನು ಯಾವ ಮೀನೂ ಕಾಣುವುದಿಲ್ಲ. ಪೂರ್ತಿ ಹೊಳೆಯುವಂತೆ ಮಾಡಿದರೆ ಅದು ಮೀನಿನಂತೆ ಕಾಣುವುದಿಲ್ಲ. ಬೆನ್ನು ಅಡಗಬೇಕು, ಮಗ್ಗುಲು ವಾಲಿದಾಗಷ್ಟೇ ಮಿಂಚಬೇಕು.

ಮೀನಿನ ಆ ಬೆಳ್ಳಿ ಹೊಳಪು ಬಣ್ಣವೇ ಅಲ್ಲ. ಹುರುಪೆಯಲ್ಲೂ ಚರ್ಮದಲ್ಲೂ ಗ್ವಾನಿನ್ ಎಂಬ ವಸ್ತುವಿನ ಸಣ್ಣ ಹರಳುಗಳು ತೆಳುವಾದ ಹಾಳೆಗಳಂತೆ ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ. ಅವು ಕನ್ನಡಿಗಳಂತೆ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಮೀನಿನ ಹುರುಪೆಯಿಂದ ಈ ಹೊಳಪನ್ನು ತೊಳೆದು ತೆಗೆದು ಗಾಜಿನ ಮಣಿಗಳಿಗೆ ಮುತ್ತಿನ ಮೆರುಗು ಕೊಡುತ್ತಿದ್ದರು. ಇಂದು ಆ ಕೆಲಸವನ್ನು ಅಭ್ರಕದ ಪುಡಿ ಮಾಡುತ್ತದೆ. ಮುತ್ತಿನ ಮೆರುಗಿನ ಕಾರಿನ ಬಣ್ಣದಲ್ಲಿ ಹೊಳೆಯುವುದು ಅದೇ, ಲೂರಿನ ಮಗ್ಗುಲಲ್ಲಿ ಹೊಳೆಯುವುದೂ ಅದೇ. ಬರೀ ಬೂದುಬಣ್ಣ ಬಳಿದು ಬೆಳ್ಳಿ ಎನ್ನಿಸಲಾಗದು. ಕನ್ನಡಿಯ ಜಾಗಕ್ಕೆ ಕನ್ನಡಿಯೇ ಬೇಕು.

ಫಿನ್ಲೆಂಡಿನ ಲೌರಿ ರಪಾಲನಿಗೆ ಇದು ಗೊತ್ತಿತ್ತು. ಪೈಯಾನೆ ಸರೋವರದಲ್ಲಿ ಮೀನು ಹಿಡಿದು ಬದುಕುತ್ತಿದ್ದ ಬಡವ ಆತ. ಸಣ್ಣಮೀನುಗಳ ಹಿಂಡಿನಲ್ಲಿ ದೊಡ್ಡ ಮೀನು ನುಗ್ಗುವುದು ಓರೆಯಾಗಿ ವಾಲಾಡುವ, ಗಾಯಗೊಂಡ ಒಂದೇ ಒಂದು ಮೀನಿನ ಮೇಲೆ ಎಂಬುದನ್ನು ದೋಣಿಯಲ್ಲಿ ಕೂತು ಕಂಡುಕೊಂಡ. 1936ರಲ್ಲಿ ಚಮ್ಮಾರರ ಚಾಕುವಿನಿಂದ ಬೆಂಡಿನ ತುಂಡೊಂದನ್ನು ಕೆತ್ತಿದ. ಚಾಕೊಲೇಟಿಗೆ ಸುತ್ತಿ ಬಂದ ತಗಡುಕಾಗದವನ್ನು ಮೈಗೆ ಅಂಟಿಸಿದ. ಮೆರುಗೆಣ್ಣೆ ಕೊಳ್ಳಲು ದುಡ್ಡಿಲ್ಲದೆ ಹಳೆಯ ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಹಚ್ಚಿದ. 1962ರ ಆಗಸ್ಟ್‌ನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಮರ್ಲಿನ್ ಮನ್ರೋಳ ಮುಖಚಿತ್ರದೊಂದಿಗೆ ಹೊರತಂದ ಸಂಚಿಕೆಯಲ್ಲಿ ಈ ಲೂರಿನ ಬಗ್ಗೆ ಲೇಖನ ಬಂತು. ಆ ಸಂಚಿಕೆ ಲಕ್ಷಗಟ್ಟಲೆ ಮಾರಾಟವಾಯಿತು. ರಪಾಲನ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು.

ತಗಡುಕಾಗದ ಅಂಟಿಸಿದ ಹಗುರ ಮರ ಎಂದ ಕೂಡಲೇ ಉಡುಪಿಯವರಿಗೆ ನೆನಪಾಗುವುದು ಚೌಕಿ, ವೇಷ ಕಟ್ಟುವ ಜಾಗ. ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳೆಲ್ಲ ಹಗುರ ಮರದಲ್ಲಿ ಕೆತ್ತಿ ಬೇಗಡೆ ಅಂಟಿಸಿದವು. ದೀವಟಿಗೆಯ ಬೆಳಕಿನಲ್ಲಿ ವೇಷಧಾರಿ ತಿರುಗಿದಾಗ ಬೇಗಡೆ ಕ್ಷಣ ಮಿಂಚಿ ಕ್ಷಣ ಆರುತ್ತದಲ್ಲ, ಲೂರಿಗೆ ಬೇಕಾಗಿರುವುದು ಅದೇ ಗುಣ. ಬೇಗಡೆಯನ್ನು ಸುಕ್ಕಿಲ್ಲದಂತೆ ಉಬ್ಬುತಗ್ಗಿನ ಮರಕ್ಕೆ ಕೂರಿಸುವ ಕೈಚಳಕ ಈ ಜಿಲ್ಲೆಯಲ್ಲಿ ತಲೆಮಾರುಗಳಿಂದ ಇದೆ. ಅದೇ ತಗಡನ್ನು ಅಂಟಿಸುವ ಮೊದಲು ಕಬ್ಬಿಣದ ಅರದ ಮೇಲಿಟ್ಟು ಬೆರಳಿನಿಂದ ಒತ್ತಿದರೆ ಹುರುಪೆಯಂಥ ಗೀರುಗಳು ಮೂಡುತ್ತವೆ. ಮೇಲೆ ತೆಳುವಾಗಿ ಹಸಿರು ಬಣ್ಣ ಹಾಯಿಸಿದರೆ ಒಳಗಿನ ಬೆಳ್ಳಿ ಬಣ್ಣದ ಮೂಲಕ ಇಣುಕುತ್ತದೆ. ಯಕ್ಷಗಾನದ ಮಣಿಸಾಮಾನು ಮಾಡುವ ಕುಶಲಿಗಳು ಮನಸ್ಸು ಮಾಡಿದರೆ ಜಗತ್ತಿನ ಯಾವ ಲೂರ್ ತಯಾರಕರಿಗೂ ಕಡಿಮೆಯಿಲ್ಲದ ಕೆಲಸ ಇಲ್ಲಿಂದಲೇ ಹೊರಡಬಹುದು.

ಮರದ ವಿಷಯಕ್ಕೂ ಊರಿನಲ್ಲೇ ಉತ್ತರವಿದೆ. ರಪಾಲ ಮುಂದೆ ನೆಚ್ಚಿಕೊಂಡದ್ದು ದಕ್ಷಿಣ ಅಮೆರಿಕದ ಬಾಲ್ಸಾ ಮರವನ್ನು. ಕರಾವಳಿಯ ಮನೆಗಳಿಗೆ ಹತ್ತಿರದ್ದು ಪಾಲೆ ಮರ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತಂದು ಕಷಾಯ ಮಾಡುವುದು ಇದರದ್ದೇ. ಇದರ ಸಸ್ಯಶಾಸ್ತ್ರೀಯ ಹೆಸರು ಆಲ್‌ಸ್ಟೋನಿಯಾ ಸ್ಕಾಲರಿಸ್. ಮಕ್ಕಳು ಬರೆಯುವ ಹಲಗೆಗೆ ಇದರ ಮರ ಬಳಕೆಯಾಗುತ್ತಿದ್ದುದರಿಂದ ಆ ‘ಸ್ಕಾಲರಿಸ್’ ಸೇರಿತು. ಬೆಳ್ಳಗೆ, ಹಗುರ, ಮೆತ್ತಗೆ. ಚಾಕು ಬೆಣ್ಣೆಯಲ್ಲಿ ಓಡಿದಂತೆ ಓಡುತ್ತದೆ. ಆದರೆ ನೀರು ಕುಡಿಯುವ ಮರ. ಮೊದಲು ಮೆರುಗೆಣ್ಣೆಯಲ್ಲಿ ಚೆನ್ನಾಗಿ ಅದ್ದಿ ರಂಧ್ರ ಮುಚ್ಚದಿದ್ದರೆ ಬಣ್ಣವೆಲ್ಲ ಒಂದೇ ವಾರದಲ್ಲಿ ಬಿರಿಯುತ್ತದೆ.

ಮರದ ಮೈ ನುಣುಪಾದ ಮೇಲೆ ಇಡೀ ಮೀನಿಗೆ ಬಿಳಿ. ಈ ಬಿಳಿ ಇಲ್ಲದೆ ಮೇಲಿನ ಯಾವ ಬಣ್ಣವೂ ಬೆಳಗುವುದಿಲ್ಲ. ಕೃಷ್ಣಾಷ್ಟಮಿಯ ಹೊತ್ತಿಗೆ ಉಡುಪಿಯ ಹುಲಿವೇಷದ ಬಣ್ಣದ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮೊದಲು ಮೈಯಿಡೀ ತಳದ ಬಣ್ಣ. ಅದು ಒಣಗುವವರೆಗೆ ವೇಷಧಾರಿ ಕೈ ಅಗಲಿಸಿ ಕೋಲು ಹಿಡಿದು ಗಂಟೆಗಟ್ಟಲೆ ನಿಲ್ಲುತ್ತಾನೆ. ಪಟ್ಟೆ ಹುಲಿಯಾದರೆ ಪಟ್ಟೆ, ಚಿಟ್ಟೆ ಹುಲಿಯಾದರೆ ಚುಕ್ಕೆ, ಎಲ್ಲವೂ ಆಮೇಲೆ. ತಳ ಹಸಿಯಿದ್ದಾಗ ಪಟ್ಟೆ ಎಳೆದವರ ಹುಲಿ ಬೆವರಿನೊಂದಿಗೆ ಹರಿದುಹೋಗುತ್ತದೆ. ಈಚೆಗೆ ಅಲ್ಲೂ ಗಾಳಿಯಲ್ಲಿ ಬಣ್ಣ ಸಿಂಪಡಿಸುವ ಗನ್ ಬಂದಿದೆ. ಲೂರಿಗೆ ಬೇಕಾದದ್ದು ಅದರ ಪುಟ್ಟ ತಮ್ಮ, ಏರ್‌ಬ್ರಶ್. ಬಾಯಿಯ ತೂತು 0.2 ಅಥವಾ 0.3 ಮಿಲಿಮೀಟರ್. ಪೆನ್ನಿನಂತೆ ಹಿಡಿದು ಬೆರಳಿನಿಂದ ಒತ್ತಿದರೆ ಬಣ್ಣ ಮಂಜಿನಂತೆ ಕೂರುತ್ತದೆ. ಬೆನ್ನಿನ ಹಸಿರು ಮಗ್ಗುಲಿನ ಬೆಳ್ಳಿಯೊಳಗೆ ಎಲ್ಲಿ ಮುಗಿಯಿತು ಎಂದು ತಿಳಿಯದ ಹಾಗೆ ಇಳಿಯಬೇಕಾದರೆ ಕುಂಚಕ್ಕಿಂತ ಇದೇ ಮೇಲು.

ಹುರುಪೆಯ ಗುಟ್ಟು ಇರುವುದು ಬಲೆಯಲ್ಲಿ. ಮೀನು ಹಿಡಿಯುವ ಬಲೆಯಲ್ಲ, ಅದರ ಕಣ್ಣು ದೊಡ್ಡದು. ಸೊಳ್ಳೆಪರದೆಯ ತುಂಡು, ಮೈಯುಜ್ಜುವ ನೈಲಾನ್ ಬಲೆ, ಮದುವಣಗಿತ್ತಿಯ ಮುಸುಕಿನ ಜಾಲರಿ ಯಾವುದಾದರೂ ಆದೀತು. ಬೆಳ್ಳಿ ಬಳಿದು ಒಣಗಿದ ಮೀನಿಗೆ ಬಲೆಯನ್ನು ಬಿಗಿಯಾಗಿ ಸುತ್ತಿ, ಹೊಟ್ಟೆಯ ಕೆಳಗೆ ಬಟ್ಟೆಯ ಕ್ಲಿಪ್ಪು ಹಾಕಿ, ಮೇಲಿನಿಂದ ಗಾಢ ಬಣ್ಣ ಸಿಂಪಡಿಸಬೇಕು. ಎಳೆಗಳ ಅಡಿಯಲ್ಲಿ ಬೆಳ್ಳಿ ಉಳಿಯುತ್ತದೆ, ಕಣ್ಣುಗಳಲ್ಲಿ ಬಣ್ಣ ಕೂರುತ್ತದೆ. ಬಲೆ ಬಿಚ್ಚಿದಾಗ ಸಾಲು ಸಾಲು ಹುರುಪೆ. ಅಮೆರಿಕದ ಲೂರ್ ತಯಾರಕರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಈ ಉಪಾಯ ಹಿಡಿದಿದ್ದರು. ಅವಸರದವರು ಕೆಡುವುದೂ ಇಲ್ಲೇ. ಬಣ್ಣ ಆರುವ ಮುನ್ನ ಬಲೆ ಎಳೆದರೆ ಹುರುಪೆಗಳೆಲ್ಲ ಬಾಲವೆಳೆದುಕೊಂಡು ಕಲಸಿಹೋಗುತ್ತವೆ. ಹಳೆಯ ಅಚ್ಚುಕೂಟದ ಕೆಲಸ ಬಲ್ಲ ಮಣಿಪಾಲದವರಿಗೆ ಬಲೆಯ ಈ ಉಪಾಯ ಹೊಸತೆನಿಸದು: ಚುಕ್ಕೆ ಚುಕ್ಕೆಯಾಗಿ ಕೂತ ಬಣ್ಣ ದೂರದಿಂದ ನೋಡಿದಾಗ ಒಂದೇ ಮೈಯಾಗುವ ಬೆಡಗು ಪುಸ್ತಕದ ಮುಖಪುಟದಲ್ಲೂ ಇದೆ.

ಇನ್ನು ಉಳಿದದ್ದು ಕುಂಚದ ಕೆಲಸ. ಬಂಗುಡೆಯ ಉದ್ದಗೆರೆಗಳನ್ನು ಸೊನ್ನೆ ನಂಬರಿನ ಕುಂಚದಲ್ಲಿ ಎಳೆಯುವಾಗ ಅಳತೆಪಟ್ಟಿ ಇಟ್ಟಂತೆ ನೇರ ಎಳೆದರೆ ಮೀನು ಸತ್ತಂತೆ. ಮೀನಿನ ಗೆರೆ ಅಲ್ಲಲ್ಲಿ ದಪ್ಪವಾಗುತ್ತದೆ, ಅಲ್ಲಲ್ಲಿ ಕಡಿಯುತ್ತದೆ. ಕಿವಿರಿನ ಮುಚ್ಚಳಕ್ಕೆ ತುಸು ಹೊಂಬಣ್ಣ. ಗಂಟಲ ಕೆಳಗೆ ಕೆಂಪಿನ ಒಂದು ಸೋಕು, ಗಾಯದ ನೆನಪಿನಷ್ಟು. ಕಣ್ಣಿಗೆ ಕುಂಚ ಬೇಡ, ಮೊಳೆ ಸಾಕು: ದೊಡ್ಡ ಮೊಳೆಯ ತಲೆಯನ್ನು ಹಳದಿಯಲ್ಲಿ ಅದ್ದಿ ಒಂದು ಮುದ್ರೆ, ಅದು ಒಣಗಿದ ಮೇಲೆ ಸಣ್ಣ ಮೊಳೆಯನ್ನು ಕಪ್ಪಿನಲ್ಲಿ ಅದ್ದಿ ನಡುವೆ ಇನ್ನೊಂದು. ಎರಡೂ ಬದಿಯ ಕಣ್ಣು ಒಂದೇ ಅಳತೆಗೆ ಬರುವುದು ಹೀಗೆಯೇ. ಬೇಟೆಮೀನು ಕಣ್ಣನ್ನು ಗುರಿಯಿಟ್ಟು ತಲೆಯ ಕಡೆಯಿಂದಲೇ ಹೊಡೆಯುತ್ತದೆ ಎಂದು ಅನುಭವಿ ಗಾಳದವರು ನಂಬುತ್ತಾರೆ; ಅವರು ಕಣ್ಣನ್ನು ಇದ್ದದ್ದಕ್ಕಿಂತ ತುಸು ದೊಡ್ಡದಾಗಿ ಬರೆಸುತ್ತಾರೆ.

ಯಾವ ನೀರಿಗೆ ಯಾವ ಬಣ್ಣ ಎಂಬುದಕ್ಕೆ ಸ್ವರ್ಣೆಯೇ ಒಂದು ಪಾಠಶಾಲೆ. ಕಾರ್ಕಳದ ಘಟ್ಟದ ತಪ್ಪಲಲ್ಲಿ ಹುಟ್ಟಿ, ಬಜೆಯಲ್ಲಿ ಉಡುಪಿಗೆ ಕುಡಿಯುವ ನೀರು ಕೊಟ್ಟು, ಮಣಿಪಾಲದ ಎಂಡ್ ಪಾಯಿಂಟ್‌ನ ಕೆಳಗೆ ಬಳಸಿ ಹರಿದು, ಕೋಡಿಬೆಂಗ್ರೆಯ ಹತ್ತಿರ ಸೀತಾ ನದಿಯೊಂದಿಗೆ ಕಡಲು ಸೇರುವ ಹೊಳೆ ಅದು. ಘಟ್ಟದ ಬುಡದಲ್ಲಿ ಬೇಸಿಗೆಯ ನೀರು ಕನ್ನಡಿ. ಅಲ್ಲಿ ಮೀನಿಗೆ ಎಲ್ಲವೂ ಕಾಣುತ್ತದೆ, ಬಣ್ಣ ಮೆತ್ತಗಿರಬೇಕು. ಅಳಿವೆಯಲ್ಲಿ ಮಳೆ ಬಂದು ಕೆಂಪಾದ ನೀರಿಗೆ ಮಣ್ಣಿನ ಪರದೆ ಬಿದ್ದಿರುತ್ತದೆ; ಅಲ್ಲಿ ಗೆರೆ ಹುರುಪೆಗಳ ನಾಜೂಕು ಯಾರಿಗೂ ಕಾಣದು, ಕಪ್ಪು ಬಿಳುಪಿನ ಗಟ್ಟಿ ವ್ಯತ್ಯಾಸವೇ ಬೇಕು. ಆಳದ ಕಡಲಿನದು ಮತ್ತೊಂದು ಕಟ್ಟಳೆ. ನೀರು ಮೊದಲು ನುಂಗುವುದು ಕೆಂಪನ್ನು. ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಂಕಾಗಿ, ಇನ್ನೂ ಕೆಳಗೆ ಕಪ್ಪೇ ಆಗಿಬಿಡುತ್ತದೆ. ಆಮೇಲೆ ಕಿತ್ತಳೆ, ಹಳದಿ ಹೋಗುತ್ತವೆ. ಕೊನೆಗೆ ಉಳಿಯುವುದು ನೀಲಿ. ಅಂಗಡಿಯ ಗಾಜಿನೊಳಗೆ ಕೆಂಪಾಗಿ ಕರೆಯುವ ಲೂರ್ ಆಳದಲ್ಲಿ ಬರೀ ಕರಿನೆರಳು.

ಸ್ಕ್ವಿಡ್ ಎನ್ನುವ ಬೊಂಡಾಸಿನ ಕತೆ ಇದಕ್ಕಿಂತ ಸೋಜಿಗದ್ದು. ಜಪಾನಿನ ದಕ್ಷಿಣದಲ್ಲಿ ಬೊಂಡಾಸ್ ಹಿಡಿಯಲು ‘ಎಗಿ’ ಎಂಬ ಸಿಗಡಿಯಾಕಾರದ ಮರದ ಲೂರ್ ಹಿಂದಿನಿಂದಲೂ ಇದೆ; ಕಡಲಿಗೆ ಬಿದ್ದ ಉರಿಕೊಳ್ಳಿಯನ್ನು ಬೊಂಡಾಸ್ ಅಪ್ಪಿಕೊಂಡದ್ದನ್ನು ನೋಡಿ ಬೆಸ್ತರು ಇದನ್ನು ಕಂಡುಹಿಡಿದರು ಎಂದು ಅಲ್ಲಿ ಕತೆ ಹೇಳುತ್ತಾರೆ. ಇಂದು ಎಗಿಗಳು ಗುಲಾಬಿ, ಕಿತ್ತಳೆ, ನೇರಳೆ ಬಣ್ಣಗಳಲ್ಲಿ ಬರುತ್ತವೆ. ಆದರೆ ಬೊಂಡಾಸ್, ಅದರ ನೆಂಟನಾದ ಕಪ್ಪೆಬೊಂಡಾಸ್‌ಗಳಲ್ಲಿ ಹೆಚ್ಚಿನವಕ್ಕೆ ಬಣ್ಣವೇ ತಿಳಿಯದು. ಅವುಗಳ ಕಣ್ಣಿನಲ್ಲಿ ಬೆಳಕು ಗ್ರಹಿಸುವ ವರ್ಣದ್ರವ್ಯ ಒಂದೇ ಬಗೆಯದು. ಬದಲಿಗೆ ಬೆಳಕಿನ ಅಲೆ ಯಾವ ದಿಕ್ಕಿಗೆ ಕಂಪಿಸುತ್ತದೆ ಎಂಬುದನ್ನು ಅವು ಗುರುತಿಸಬಲ್ಲವು. ಮನುಷ್ಯನಿಗೆ ಆ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಎಗಿಗೆ ಬಣ್ಣ ಬರೆಯುವವರು ಗುಲಾಬಿಯೋ ನೇರಳೆಯೋ ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ ಗಾಢ, ತಿಳಿ, ಹೊಳಪು ಈ ಮೂರನ್ನು ನೋಡಿಕೊಂಡರೆ ಸಾಕು. ಕರ್ನಾಟಕದ ಕಡಲಾಚೆ ಕಪ್ಪೆಬೊಂಡಾಸನ್ನು ಸೆಳೆಯಲು ತಮಿಳುನಾಡಿನ ಬೆಸ್ತರು ತೆಂಗಿನ ಗೊನೆಯ ದಂಟುಗಳನ್ನು ಕಟ್ಟಿ ಮುಳುಗಿಸುತ್ತಿದ್ದರು. ಮೊಟ್ಟೆಯಿಡಲು ಆಸರೆ ಹುಡುಕಿ ಬಂದವನ್ನು ಅಲ್ಲೇ ಗಾಳದಿಂದ ಎತ್ತುತ್ತಿದ್ದರು. ಇದರಿಂದ ಸ್ಥಳೀಯ ಬೋಟಿನವರೊಂದಿಗೆ ಜಗಳವೂ ಆಯಿತು, ತಾಯಿಮೀನುಗಳೇ ಖಾಲಿಯಾದಾವು ಎಂದು ಸಾಗರ ಮೀನುಗಾರಿಕೆಯ ವಿಜ್ಞಾನಿಗಳು ಎಚ್ಚರಿಸಿದರು. ಆ ಎಚ್ಚರಿಕೆಯಲ್ಲಿ ನ್ಯಾಯವಿದೆ. ಒಂದೊಂದೇ ಮೀನಿಗೆ ಒಂದೊಂದೇ ಗಾಳ ಹಾಕುವವರೂ ಮೊಟ್ಟೆಯ ಹೊತ್ತನ್ನು ಬಿಟ್ಟುಕೊಡಬೇಕು.

ಇಂಥ ಕಾಳಜಿ ಇಲ್ಲಿ ಹೊಸತಲ್ಲ. ಗಾಳದ ಬಗ್ಗೆ ಭಾರತದಲ್ಲಿ ಹೊರಬಂದ ಹೆಸರಾಂತ ಹಳೆಯ ಪುಸ್ತಕವೊಂದರ ಬೇರು ಇದೇ ನೆಲದಲ್ಲಿದೆ. ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ; ಆಗ ಉಡುಪಿ, ಕಾರ್ಕಳಗಳೆಲ್ಲ ಆ ಜಿಲ್ಲೆಯೊಳಗೇ ಇದ್ದವು. ಜಿಲ್ಲೆಯ ಮೀನು ಸಾಕಣೆಯ ಬಗ್ಗೆ 1870ರಲ್ಲಿ ವರದಿ ಬರೆದ ಆತ, 1873ರಲ್ಲಿ ಮಂಗಳೂರಿನಿಂದ ‘ದಿ ರಾಡ್ ಇನ್ ಇಂಡಿಯಾ’ ಹೊರತಂದ. ಗಾಳದ ಮೋಜಿನ ಜೊತೆಗೇ ಮೀನಿನ ನಡವಳಿಕೆಯನ್ನೂ ಹೊಳೆಯ ಮೀನುಗಳ ರಕ್ಷಣೆಯನ್ನೂ ಚಿಂತಿಸಿದ ಮನುಷ್ಯ ಆತ.

ಬಣ್ಣದ ಕೆಲಸಕ್ಕೆ ಬಿಡುವು ಸಿಗುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಾಪುವಿನ ಬಂಡೆಗಳ ಮೇಲೆ ಆಗ ಕಾಲಿಡುವುದೂ ಅಪಾಯ. 1901ರಿಂದ ನಿಂತ ಆ ದೀಪಸ್ತಂಭದ ಬುಡಕ್ಕೇ ಅಲೆಗಳು ಏರಿಬರುತ್ತವೆ. ಮನೆಯಲ್ಲಿ ಕೂತು ಕೆತ್ತಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ತೊಂದರೆ ಎಂದರೆ ವರ್ಷಕ್ಕೆ 4000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಬಣ್ಣ ಒಣಗುವುದಿಲ್ಲ. ಗಾಳಿಯ ತೇವ ಮೆರುಗೆಣ್ಣೆಗೆ ಸೇರಿ, ಮೂರು ದಿನ ಕೂತು ಬರೆದ ಬಂಗುಡೆಯ ಮೇಲೆ ಹಾಲುಬಿಳಿ ಮಸುಕು ಕವಿಯುತ್ತದೆ. ಬಲ್ಲವರು ಬಲ್ಬು ಉರಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ತೂಗುಹಾಕುತ್ತಾರೆ, ಇಲ್ಲವೇ ಒಲೆಯ ಮೇಲಿನ ಅಟ್ಟದ ಹತ್ತಿರ. ಎರಡು ಬಗೆಯ ದ್ರವ ಬೆರೆಸಿ ಹಚ್ಚುವ ಇಪಾಕ್ಸಿಯಾದರೆ ಗಟ್ಟಿಯಾಗುವವರೆಗೆ ಮೀನನ್ನು ನಿಧಾನ ತಿರುಗಿಸುತ್ತಲೇ ಇರಬೇಕು. ನಿಂತರೆ ಹೊಟ್ಟೆಯ ಕೆಳಗೆ ಹನಿ ಇಳಿದು ಗಂಟಾಗುತ್ತದೆ, ಈಜುವಾಗ ಮೀನು ಒಂದೇ ಕಡೆಗೆ ವಾಲುತ್ತದೆ. ಹಳೆಯ ಸಣ್ಣ ಮೋಟರಿಗೆ ಕಡ್ಡಿ ಸಿಕ್ಕಿಸಿದರೆ ಆ ಕೆಲಸ ಅದೇ ಮಾಡುತ್ತದೆ. ರಾತ್ರಿಯಿಡೀ ಹೊರಗೆ ಮಳೆ, ಒಳಗೆ ಆರೆಂಟು ಬಂಗುಡೆಗಳು ಗಾಳಿಯಲ್ಲಿ ಮೆಲ್ಲಗೆ ಸುತ್ತು ಹಾಕುತ್ತಿರುತ್ತವೆ.

ಮಳೆ ಹಿಂದೆ ಸರಿದು ಕಡಲು ತಿಳಿಯಾದ ಮೇಲೆ ಅವುಗಳಲ್ಲಿ ಒಂದು ಕಾಪುವಿನ ಬಂಡೆಯಿಂದ ನೀರಿಗೆ ಹಾರುತ್ತದೆ. ಕಲ್ಲಿನ ಸಂದಿಗೆ ಸಿಕ್ಕಿ ಅಲ್ಲೇ ಉಳಿದರೂ ಉಳಿದೀತು. ಆಗ ಸಾಧ್ಯವಾದಷ್ಟು ಬಿಡಿಸಿ ತರಬೇಕು, ಸೀಸವೂ ಕೊಕ್ಕೆಯೂ ಕಡಲಿಗೆ ಬಿಡುವ ವಸ್ತುಗಳಲ್ಲ. ಅಂಜಲ್ ಬಂದು ಹೊಡೆದರೆ ಅದರ ಹಲ್ಲು ಕತ್ತರಿಯಷ್ಟು ಹರಿತ. ಮೆರುಗು, ಹಸಿರು, ಬೆಳ್ಳಿ, ಬಿಳಿ ಎಲ್ಲವನ್ನೂ ಸೀಳಿಕೊಂಡು ಪಾಲೆ ಮರದವರೆಗೂ ಇಳಿಯುತ್ತದೆ. ಕೆಲವರು ಆ ಗಾಯಕ್ಕೆ ಮೆರುಗೆಣ್ಣೆ ತುಂಬಿ ಮತ್ತೆ ಬಂಗುಡೆಯ ಗೆರೆ ಎಳೆಯುತ್ತಾರೆ. ಇನ್ನು ಕೆಲವರು ನೀರು ಒಳಸೇರದಂತೆ ಒಂದು ಪದರ ಹಚ್ಚಿ, ಹಲ್ಲಿನ ಗುರುತನ್ನು ಹಾಗೆಯೇ ಉಳಿಸಿ, ಪೆಟ್ಟಿಗೆ ತೆರೆದ ಕೂಡಲೇ ಕೈಗೆ ಸಿಗುವ ಮೇಲಿನ ಸಾಲಿನಲ್ಲಿ ಅದನ್ನು ಇಡುತ್ತಾರೆ.